ನಾಲ್ಕು ತಾಸಿನ ತಂಗಿ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನಾಳೆ ಬೆಳಿಗ್ಗೆ ನಾನು ಹಲ್ಲುಜ್ಜಲು ನಿಂತ ಹಲಗೆ ಮುರಿದು, ಉಟ್ಟ ಲುಂಗಿ ಸಮೇತ ಸಮುದ್ರಕ್ಕೆ ಬೀಳುತ್ತೇನೆ. ಪಿನಾಂಗಿನಲ್ಲಿ ನೀರೊಳಗೆ ಕಂಬ ಊರಿ ಮನೆ ಕಟ್ಟಿಕೊಂಡ ನಮ್ಮ ಜೆಟ್ಟಿ ಕೇರಿಯವರು ದೇವರ ಮೇಲೆ ಬೇಕಾದರೆ ಸುಳ್ಳು ಆಣೆ ಇಟ್ಟಾರು, ಕಾಲ ಕೆಳಗಿನ ಹಲಗೆಯ ಮೇಲೆ ಇಡುವುದಿಲ್ಲ.

“ಶೌಚಕ್ಕೆ ನಾಲ್ಕು ನಿಮಿಷ ಬರ್ಕೋ ತಂಗಿ,” ಎಂದ ಮೈದೀನ್. “ಎಲ್ಲರೂ ಮರೆಯೋದು ಅದನ್ನೇ. ಪ್ಲಾನು ಕೆಡೋದೂ ಅಲ್ಲೇ.”

ಗೈಕ್ ಹೂನ್ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಶೌಚ, ನಾಲ್ಕು ಎಂದು ಬರೆದಳು. ಅವಳಿಗೆ ಅರವತ್ತು ವರ್ಷ, ಅವಳ ಮಂಡಿಗಳಿಗೆ ಎಂಬತ್ತು. ಸೊಂಟ ಮುರಿದು ಒಳಕೋಣೆಯಲ್ಲಿ ಮಲಗಿದ ತಾಯಿಯನ್ನು ಹನ್ನೊಂದು ವರ್ಷದಿಂದ ಎತ್ತಿ, ಇಳಿಸಿ, ಹೊರಳಿಸಿ, ತೊಳೆದು ಅವಳಿಗೆ ಎಂಥ ದಣಿವು ಬಂದಿತ್ತೆಂದರೆ, ಒಮ್ಮೆ ಅವಳು ನಿಟ್ಟುಸಿರು ಬಿಟ್ಟಾಗ ಎದುರು ಮನೆಯ ಬಾಗಿಲಲ್ಲಿದ್ದ ದೀಪ ಆರಿಹೋಗಿತ್ತು. ಕಣ್ಣಾರೆ ಕಂಡವರಿದ್ದಾರೆ.

ಮೈದೀನ್ ಸೈಕಲ್ ರಿಕ್ಷಾದವನು. ಪ್ರವಾಸಿ ಹಡಗು ಬಂತೆಂದರೆ ಹಡಗುಕಟ್ಟೆಯ ಗೇಟಿನಲ್ಲಿ ಅವನದೇ ಮೊದಲ ಗಂಟೆ. ಇಳಿದವರನ್ನು ಕೂರಿಸಿಕೊಂಡು ನಾಲ್ಕು ತಾಸಿನಲ್ಲಿ ಇಡೀ ಊರು ತೋರಿಸಿ ಮತ್ತೆ ಹಡಗಿಗೆ ಹತ್ತಿಸುತ್ತಿದ್ದ. ಊರಾದರೂ ಎಷ್ಟು? ಊಟದ ತಟ್ಟೆಯಷ್ಟು. ಒಂದು ಅಂಚಿಗೆ ಕೋಟೆ, ಇನ್ನೊಂದು ಅಂಚಿಗೆ ನಮ್ಮ ಜೆಟ್ಟಿ, ನಡುವೆ ಗುಡಿ, ಮಸೀದಿ, ಗೋಡೆಗೆ ಬರೆದ ಚಿತ್ರ, ಹೆಜ್ಜೆಗೊಂದು ತಿಂಡಿ. ಅವನ ಬಾಯಿ ನಂಬುವುದಾದರೆ, ಒಬ್ಬ ಜರ್ಮನ್ ಮುದುಕನಿಗೆ ಊರು ತೋರಿಸಿ, ಕ್ಷೌರ ಮಾಡಿಸಿ, ನೋಯುತ್ತಿದ್ದ ಹಲ್ಲು ಕೀಳಿಸಿ, ಹಡಗು ಕೂಗುವ ಮುಂಚೆ ವಾಪಸು ಬಿಟ್ಟಿದ್ದ.

ಈ ಸಲ ಬರುವವಳು ಪ್ರವಾಸಿಯಲ್ಲ. ಬೀ ಚೂ, ಗೈಕ್ ಹೂನಳ ಒಬ್ಬಳೇ ತಂಗಿ. ಗಂಡ ಸತ್ತ ಮೇಲೆ ಏಳು ವರ್ಷದಿಂದ ಅಂಥದೇ ಒಂದು ಹಡಗಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸ. ಆ ಹಡಗು ಗುರುವಾರ ಮೊದಲ ಬಾರಿಗೆ ನಮ್ಮೂರಿಗೆ ಬರುವುದಿತ್ತು. ಅವಳಿಗೆ ಹನ್ನೊಂದರಿಂದ ಮೂರು ಗಂಟೆಯವರೆಗೆ ಇಳಿಯಲು ಅಪ್ಪಣೆ ಸಿಕ್ಕಿತ್ತು.

ಆ ನಾಲ್ಕು ತಾಸಿನಲ್ಲಿ ಗೈಕ್ ಹೂನ್ ಅವಳಿಗೆ ಒಂದೇ ಮಾತು ಹೇಳಬೇಕಿತ್ತು. ನನ್ನ ಕೈಲಿ ಇನ್ನಾಗುವುದಿಲ್ಲ, ಎರಡು ತಿಂಗಳಿಗೆ ನಿನ್ನ ಕರಾರು ಮುಗಿಯುತ್ತದೆ, ಹೊಸದಕ್ಕೆ ಸಹಿ ಹಾಕಬೇಡ, ಮನೆಗೆ ಬಾ. ರಜೆ ಸಿಕ್ಕರೆ ಬೀ ಚೂ ಮಗಳು ಮೊಮ್ಮಗು ಎಂದು ಕುಚಿಂಗಿಗೆ ಹೋಗುತ್ತಿದ್ದಳು. ಇಲ್ಲಿಗೆ ಬರುತ್ತಿದ್ದುದು ಚೀನೀ ಹೊಸವರ್ಷದ ನಾಲ್ಕು ದಿನ ಮಾತ್ರ. ಹೊಸವರ್ಷದಲ್ಲಿ ಯಾರಾದರೂ ಇಂಥ ಮಾತು ಬಾಯಿಂದ ತೆಗೆಯುತ್ತಾರೆಯೇ?

“ಫೋನಲ್ಲೇ ಕೇಳಬಾರದಾಗಿತ್ತಾ?” ಎಂದ ಮೈದೀನ್.

“ಗೋಡೆ ಹಲಗೇದು ಮೈದೀನಣ್ಣ. ನಾನು ಮನಸ್ಸಲ್ಲಿ ಕೆಮ್ಮಿದ್ರೂ ಅಮ್ಮಂಗೆ ಕೇಳ್ಸತ್ತೆ.”

“ಯಾರೇ ಅದು ಕೆಮ್ಮಿದ್ದು?” ಎಂದು ಒಳಗಿಂದ ಮುದುಕಿಯ ಧ್ವನಿ ಬಂತು.

ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಪಿಸುಗುಟ್ಟತೊಡಗಿದರು. ಹನ್ನೊಂದಕ್ಕೆ ಗೇಟು. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಜೆಟ್ಟಿ. ಆಮೇಲೆ ಶಾವಿಗೆ, ಅಮ್ಮನ ಜೊತೆ ಮಾತು, ನೆರೆಹೊರೆ. ಒಂದು ಗಂಟೆಗೆ ಅಮ್ಮನನ್ನು ಮಲಗಿಸಿ, ಅಕ್ಕತಂಗಿಯರಿಬ್ಬರೂ ರಿಕ್ಷಾ ಹತ್ತಿ ಕುವಾನ್ ಯಿನ್ ದೇವಿಯ ಗುಡಿಗೆ. ಕೇಳುವುದು ಅಲ್ಲಿ.

“ಒಳ್ಳೆ ಜಾಗ ಆರಿಸಿದೀಯ,” ಎಂದು ಮೈದೀನ್ ಮೆಚ್ಚಿದ. “ಕರುಣೆ ದೇವಿ ಎದುರಿಗೆ ನಿಂತು ಆಗಲ್ಲ ಅನ್ನೋಕೆ ಯಾರಿಗೂ ನಾಲಿಗೆ ಏಳಲ್ಲ. ಶಾವಿಗೆಗೆ ಎಷ್ಟು ಹಾಕಿದೀಯ?”

“ಇಪ್ಪತ್ತೈದು.”

“ಇಪ್ಪತ್ತೈದಾ? ನಮ್ಮ ಜರ್ಮನ್ ಮುದುಕ ಹಲ್ಲು ಕೀಳಿಸ್ಕೊಂಡು ಬಂದು ಆರೇ ನಿಮಿಷಕ್ಕೆ...”

“ಅದನ್ನ ಓಡಿಸೋ ಹಾಗಿಲ್ಲ. ನಮ್ಮನೆ ನೇಮ ನಿನಗೆ ಗೊತ್ತಲ್ಲ.”

ಜೆಟ್ಟಿಗೆಲ್ಲ ಗೊತ್ತಿದ್ದ ನೇಮ ಅದು. ದೂರದಿಂದ ಬಂದವರಿಗೆ ಒಂದು ಬಟ್ಟಲು ಉದ್ದ ಶಾವಿಗೆ, ಮೇಲೆ ಎರಡು ಬೇಯಿಸಿದ ಮೊಟ್ಟೆ ಕೊಡುವುದು ಎಲ್ಲ ಮನೆಯಲ್ಲೂ ಉಂಟು. ಆದರೆ ಐವತ್ತು ವರ್ಷದ ಹಿಂದೆ ಈ ಮನೆಯ ಯಜಮಾನ ಹನ್ನೊಂದು ದಿನ ಮೀನು ಹಿಡಿದು ಬಂದು ಬಟ್ಟಲ ಮುಂದೆ ಕೂತಿದ್ದಾಗ, ತಮ್ಮನ ದೋಣಿ ಮುಳುಗಿತು ಎಂದು ಯಾರೋ ಬಾಗಿಲಲ್ಲೇ ಕೂಗಿದರು. ಅರ್ಧಕ್ಕೆ ಎದ್ದು ಹೋದವನು ತಿರುಗಿ ಬರಲಿಲ್ಲ. ಬಟ್ಟಲು ಮೂರು ದಿನ ಹಾಗೇ ಇತ್ತು. ಅಂದಿನಿಂದ ಅವನ ಹೆಂಡತಿ, ಈಗ ಒಳಗೆ ಮಲಗಿರುವ ಇದೇ ಮುದುಕಿ, ಎರಡು ನೇಮ ಮಾಡಿದಳು. ಬಟ್ಟಲು ಬರಿದಾಗುವವರೆಗೆ ಆ ಮನೆಯಲ್ಲಿ ಯಾರೂ ಭಾರದ ಮಾತು ಆಡಕೂಡದು. ಬಟ್ಟಲು ಬರಿದು ಮಾಡಿದವರಿಗೆ ಮರುದಿನ ಸೂರ್ಯ ಹುಟ್ಟುವವರೆಗೆ ಯಾರೂ ಕೆಲಸ ಹೇಳಕೂಡದು. ಅವಳು ಮಲಗಿದ ಮೇಲೂ ನೇಮ ಮಾತ್ರ ಎದ್ದು ಓಡಾಡಿಕೊಂಡಿತ್ತು.

ಅವಳಿಗೆ ಇನ್ನೊಂದು ಹಟವೂ ಇತ್ತು. ಗೈಕ್ ಹೂನಳ ಕೈ ಬಿಟ್ಟು ಬೇರೆ ಕೈ ಅವಳ ಮೈ ಮುಟ್ಟುವಂತಿರಲಿಲ್ಲ. ಎದುರು ಮನೆಯ ಸ್ವೀ ಲೆಂಗ್ ಎಷ್ಟು ಸಲ ಬಂದಿದ್ದಳೋ. “ನಿನ್ನ ಕೈ ತಣ್ಣಗಿದೆ, ಹೋಗು,” ಎಂದು ಮುದುಕಿ ಅಟ್ಟುತ್ತಿದ್ದಳು.

ಆ ಸ್ವೀ ಲೆಂಗ್ ಈಗ ಪ್ಲಾನಿನ ವಾಸನೆ ಹಿಡಿದು ಬಂದಳು. “ನನಗೆಷ್ಟು ಬರೆದಿದೀಯೇ?”

“ಐದು ನಿಮಿಷ.”

“ಐದಾ! ಅವಳ ತಲೇಲಿ ಹೇನು ಹೆಕ್ಕಿದೋಳು ನಾನು. ಹತ್ತು ಹಾಕು.”

ಗೈಕ್ ಹೂನ್ ಹತ್ತು ಹಾಕಿದಳು. ವಾದ ಮಾಡಲು ತ್ರಾಣವಿರಲಿಲ್ಲ.

ಗುರುವಾರ ಹಡಗು ಬಂತು. ಎಷ್ಟು ದೊಡ್ಡದೆಂದರೆ, ಅದು ನಿಂತದ್ದು ಅಲ್ಲಿ ಕಟ್ಟೆಯಲ್ಲಾದರೂ ಅದರ ನೆರಳಿಗೆ ಇಲ್ಲಿ ನಮ್ಮ ಜೆಟ್ಟಿಯ ಬಟ್ಟೆ ಮಧ್ಯಾಹ್ನದವರೆಗೆ ಒಣಗಲಿಲ್ಲ. ಗೈಕ್ ಹೂನ್ ನಸುಕಿನಲ್ಲೇ ಅಮ್ಮನನ್ನು ಒರೆಸಿ, ಅಂಗಿ ಬದಲಿಸಿ, ಕೋಳಿ ಸಾರು ಕುದಿಸಿ, ಮೊಟ್ಟೆ ಸುಲಿದು ಇಟ್ಟಳು. ಹನ್ನೊಂದು ಗಂಟೆ ಹನ್ನೆರಡು ನಿಮಿಷವಾಯಿತು, ಹನ್ನೊಂದೂವರೆಯಾಯಿತು. ಮೈದೀನನ ಗಂಟೆ ಕೇಳಿದಾಗ ಹನ್ನೆರಡಕ್ಕೆ ಎರಡು ನಿಮಿಷ.

“ಕೆಲಸದೋರ್ನ ಕೊನೆಗೆ ಬಿಟ್ರು,” ಎಂದ ಅವನು ಬೆವರು ಒರೆಸುತ್ತ. “ನಾನು ಪ್ಯಾಸೆಂಜರ್ ಲೆಕ್ಕದಲ್ಲಿ ಪ್ಲಾನು ಹಾಕಿದ್ದೆ ತಂಗಿ. ತಪ್ಪಾಯ್ತು.”

ರಿಕ್ಷಾದಿಂದ ಇಳಿದವಳನ್ನು ಗೈಕ್ ಹೂನ್ ಒಂದು ಗಳಿಗೆ ಗುರುತಿಸಲಿಲ್ಲ. ಕೂದಲು ಕತ್ತರಿಸಿದ್ದಳು. ಕಾಲು ಬಾತು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿತ್ತು.

“ಊಟ ಆಯ್ತಾ?” ಎಂದಳು ಅಕ್ಕ.

“ಇನ್ನೂ ಇಲ್ಲ. ಬಗ್ಗಿಹೋಗಿದೀಯಲ್ಲ ಅಕ್ಕಾ.”

“ನೀನು ಸಣ್ಣಗಾಗಿದೀಯ.”

“ದಿನಕ್ಕೆ ಇಪ್ಪತ್ತೆರಡು ಕೋಣೆ. ಕೊಬ್ಬೋಕೆ ಎಲ್ಲಿ ಟೈಮು?”

ಒಳಗೆ ಅಮ್ಮ ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. “ಸೋಪಿನ ವಾಸನೆ ಹೊಡೀತೀಯ. ಮೊದಲು ತಿನ್ನು. ಮಾತು ಆಮೇಲೆ.”

ಬೀ ಚೂ ಹಾಸಿಗೆಯ ಪಕ್ಕ ಚಾಪೆಯ ಮೇಲೆ ಕೂತು ತಿಂದಳು. ಎಳೆ ಕಡಿಯದಂತೆ ಶಾವಿಗೆ ಎತ್ತಿ ಎತ್ತಿ ತಿಂದಳು. ಸಾರು ಕುಡಿದಳು. ಒಂದು ಮೊಟ್ಟೆ ತಿಂದಳು. ಇನ್ನೊಂದು ಮೊಟ್ಟೆ ಬಟ್ಟಲ ತಳದಲ್ಲಿ ಕೂತಿತ್ತು. ಅವಳು ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು, ಆಮೇಲೆ ತಲೆಯನ್ನು ಅಮ್ಮನ ಹಾಸಿಗೆಯ ಅಂಚಿಗೆ ಒರಗಿಸಿ ಕಣ್ಣು ಮುಚ್ಚಿದಳು. ಚಮಚ ಕೈಯಿಂದ ಜಾರಿ ಚಾಪೆಯ ಮೇಲೆ ಬಿತ್ತು.

“ಬೀ ಚೂ,” ಎಂದಳು ಗೈಕ್ ಹೂನ್.

“ಎಬ್ಬಿಸ್ಬೇಡ,” ಎಂದಳು ಅಮ್ಮ. “ಬಟ್ಟಲು ಮುಗಿದಿಲ್ಲ.”

ಗೈಕ್ ಹೂನ್ ಮೊದಲು ಐದು ನಿಮಿಷದ ನಿದ್ದೆ ಎಂದುಕೊಂಡಳು. ಐದು ಇಪ್ಪತ್ತಾಯಿತು. ಬೀ ಚೂ ಗೊರಕೆ ಶುರುಮಾಡಿದಳು. ಅದು ಎಂಥ ಗೊರಕೆಯೆಂದರೆ, ಕಂಬದಲ್ಲಿ ಅಂಟಿದ್ದ ಚಿಪ್ಪುಗಳು ಉದುರಿ, ಕೆಳಗಿನ ಏಡಿಗಳು ಸಂಸಾರ ಸಮೇತ ಪಕ್ಕದ ಜೆಟ್ಟಿಗೆ ವಲಸೆ ಹೋದವು. ಒಂದು ಗಂಟೆಗೆ ಮೈದೀನ್ ಬಾಗಿಲಲ್ಲಿ ಗಂಟೆ ಬಾರಿಸಿದ. “ಗುಡಿ! ಗುಡಿ ಟೈಮಾಯ್ತು!” ಗೈಕ್ ಹೂನ್ ತುಟಿಗೆ ಬೆರಳಿಟ್ಟು ಬಟ್ಟಲು ತೋರಿಸಿದಳು. ಅವನು ಮೊಟ್ಟೆ ನೋಡಿ, ಟೋಪಿ ತೆಗೆದು, ಸಾವಿನ ಮನೆಗೆ ಬಂದವನ ಹಾಗೆ ಮೂಲೆಯಲ್ಲಿ ಕೂತ.

ತಮ್ಮ ತಮ್ಮ ಪಾಲಿನ ನಿಮಿಷ ಕೇಳಲು ನೆರೆಯವರು ಒಬ್ಬೊಬ್ಬರೇ ಬಂದರು. ಸ್ವೀ ಲೆಂಗ್ ಬಂದು ತನ್ನ ಹತ್ತು ನಿಮಿಷವನ್ನು ಬೀ ಚೂಳ ತಲೆ ನೋಡುತ್ತ ಕಳೆದಳು. “ಹೇನಿಲ್ಲ, ಪುಣ್ಯ,” ಎಂದು ಪಿಸುಗುಟ್ಟಿದಳು. ಹೋಗಲು ಯಾರಿಗೂ ಮನಸ್ಸಿಲ್ಲ. ಕೋಣೆ ತುಂಬಿ, ಹೊರಗಿನ ಹಲಗೆದಾರಿ ತುಂಬಿ, ಜೆಟ್ಟಿಯ ಅರ್ಧ ಜನ ಒಬ್ಬ ಹೆಂಗಸು ನಿದ್ದೆ ಮಾಡುವುದನ್ನು ನೋಡುತ್ತ ಕೂತರು.

ಗೈಕ್ ಹೂನ್ ತಂಗಿಯ ಬೆರಳುಗಳನ್ನು ನೋಡುತ್ತಿದ್ದಳು. ತುದಿಗಳು ಸವೆದು, ಚರ್ಮ ಸುಲಿದು ಬೆಳ್ಳಗಾಗಿದ್ದವು. ಎಬ್ಬಿಸಿ ಕೇಳಬೇಕು ಎಂದು ಒಂದು ಸಲ, ಇವಳನ್ನು ಹೇಗೆ ಎಬ್ಬಿಸಲಿ ಎಂದು ಇನ್ನೊಂದು ಸಲ. ಎರಡು ತಿಂಗಳು. ಈ ಸಲ ಬಿಟ್ಟರೆ ಮತ್ತೆ ಒಂಬತ್ತು ತಿಂಗಳ ಕರಾರು. ಅಷ್ಟರಲ್ಲಿ ಒಂದು ದಿನ ತಾನು ಅಮ್ಮನನ್ನು ಎತ್ತುವಾಗ ಇಬ್ಬರೂ ಒಟ್ಟಿಗೇ ಬೀಳುತ್ತೇವೆ ಎನ್ನುವುದು ಅವಳಿಗೆ ಬೆಳಗಿನಷ್ಟು ಖಚಿತವಾಗಿ ಗೊತ್ತಿತ್ತು.

“ಗೈಕ್, ಎಡಗಾಲು ಸರಿಸು,” ಎಂದಳು ಅಮ್ಮ. ಸರಿಸಿದಳು.

“ನೀರು.” ಕೊಟ್ಟಳು.

“ಬೆನ್ನು ಉರೀತಿದೆ.” ಹೊರಳಿಸಿದಳು. ಮಂಡಿ ಲಟಕ್ಕೆಂದದ್ದು ಬಾಗಿಲ ಹೊರಗಿನವರಿಗೂ ಕೇಳಿಸಿತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ಮತ್ತೆ, “ಗೈಕ್, ದಿಂಬು,” ಎಂದಳು.

ಗೈಕ್ ಹೂನ್ ಎದ್ದಳು. ದಿಂಬಿಗೆಂದು ಚಾಚಿದ ಕೈ ನಡುದಾರಿಯಲ್ಲಿ ನಿಂತಿತು. ಅವಳು ಕೆಳಗೆ ಬಗ್ಗಿ, ಬಟ್ಟಲಿನಿಂದ ಆ ತಣ್ಣನೆಯ ಮೊಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

ಯಾರೋ ಕೆಮ್ಮಿದರು. ಸ್ವೀ ಲೆಂಗ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗೈಕ್ ಹೂನ್ ನಿಧಾನವಾಗಿ ಅಗಿದಳು, ಕಣ್ಣಲ್ಲಿ ನೀರು ಬರುವವರೆಗೆ ಅಗಿದಳು, ನುಂಗಿದಳು. ಬಟ್ಟಲೆತ್ತಿ ತಳದ ಸಾರನ್ನೂ ಕುಡಿದು ಕವಿಚಿ ಇಟ್ಟಳು.

“ಯಾರ ಮೊಟ್ಟೆಯೇ ಅದು?” ಎಂದಳು ಅಮ್ಮ.

“ಬಟ್ಟಲು ಮುಗೀತಮ್ಮ.”

“ಅದು ದೂರದಿಂದ ಬಂದೋಳಿಗೆ ಇಟ್ಟಿದ್ದು.”

“ನಾನೂ ದೂರದಿಂದಲೇ ಬಂದಿದೀನಿ,” ಎಂದಳು ಗೈಕ್ ಹೂನ್.

ಈಗ ಮಾತಾಡಬಹುದಿತ್ತು. ಬಟ್ಟಲು ಬರಿದು. ಮೂರಕ್ಕೆ ಇನ್ನೂ ಮುಕ್ಕಾಲು ತಾಸು. ಮಾತಿಗೆಂದು ಬಾಯಿ ತೆರೆದಳು, ಬಂದದ್ದು ಆಕಳಿಕೆ. ಅಂಥ ಆಕಳಿಕೆಗೆ ಹನ್ನೊಂದು ವರ್ಷ ಬೇಕು. ಅವಳು ತಂಗಿಯ ಪಕ್ಕದ ಚಾಪೆಯಲ್ಲಿ ಉಳಿದಷ್ಟು ಜಾಗದಲ್ಲಿ ಕಾಲು ಮಡಿಚಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

“ಗೈಕ್, ದಿಂಬು,” ಎಂದಳು ಅಮ್ಮ.

ಯಾರೂ ಅಲುಗಲಿಲ್ಲ. ಮುದುಕಿ ಚಾವಣಿ ನೋಡಿದಳು. ಅರ್ಧ ಜೆಟ್ಟಿ ಅವಳನ್ನು ನೋಡುತ್ತಿತ್ತು. ನೇಮ ಅವಳದು. ಮುರಿಯಬೇಕಾದವಳೂ ಅವಳೇ, ಕಾಯಬೇಕಾದವಳೂ ಅವಳೇ.

“ಕಳ್ಳಿ,” ಎಂದಳು ಕೊನೆಗೆ. ಆಮೇಲೆ, “ಸ್ವೀ ಲೆಂಗ್, ಕೈ ಉಜ್ಜಿ ಬಿಸಿ ಮಾಡ್ಕೊಂಡು ಬಾ.”

ನಿದ್ದೆಗೆ ಜಾರುವ ಮುಂಚೆ ಗೈಕ್ ಹೂನ್ ಕೊನೆಗೆ ಕೇಳಿಸಿಕೊಂಡದ್ದು ಎರಡು ಅಂಗೈ ಒಂದಕ್ಕೊಂದು ಉಜ್ಜುವ ಸದ್ದು.

ಹಡಗು ಕೂಗಿದಾಗ ಅವಳಿಗೆ ಎಚ್ಚರವಾಯಿತು. ಐದು ಗಂಟೆ. ಪಕ್ಕದ ಚಾಪೆ ಖಾಲಿ. ಅವಳ ಮೈಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ಅಮ್ಮ ಹಾಸಿಗೆಯಲ್ಲಿ ಲಕೋಟೆಯೊಳಗಿನ ಕಾಗದದ ಹಾಗೆ ಕತ್ತಿನವರೆಗೆ ಬಿಗಿದು ಮಲಗಿದ್ದಳು. ಚಾದರದ ನಾಲ್ಕು ಮೂಲೆಯೂ ಚಾಕುವಿನಿಂದ ಕೊಯ್ದಂತೆ ಮಡಿಚಿದ್ದವು.

“ಹೋದ್ಲಾ?”

“ಹೋದ್ಲು. ನಿನ್ನ ಎಬ್ಬಿಸ್ಬೇಡಿ ಅಂದ್ಲು. ಚಾದರ ಹೆಂಗೆ ಹಾಸೋದು ಅಂತ ಸ್ವೀ ಲೆಂಗಿಗೆ ಹೇಳ್ಕೊಟ್ಟು ಹೋದ್ಲು, ನನ್ನ ಎತ್ತದೆ, ಮಲಗಿದ್ದ ಹಾಗೇ. ಮೂರೇ ನಿಮಿಷ. ಈಗ ಮೂಗು ಕೆರ್ಕೊಳ್ಳೋಕೂ ಕೈ ಬರ್ತಿಲ್ಲ.”

ಗೈಕ್ ಹೂನ್ ಎದ್ದು ಕೂತಳು. “ಅವಳನ್ನ ಒಂದು ಮಾತು ಕೇಳ್ಬೇಕಿತ್ತಮ್ಮ.”

“ನಾನು ಕೇಳ್ದೆ.”

“ಏನಂತ?”

“ಹಲಗೆ ಗೋಡೆ ಕಣೇ ಇದು,” ಎಂದಳು ಅಮ್ಮ. “ಹೋದ ತಿಂಗಳೇ ಸಹಿ ಹಾಕಿದಾಳಂತೆ. ಮತ್ತೆ ಒಂಬತ್ತು ತಿಂಗಳು. ನೀನು ಕೇಳ್ತೀಯ ಅಂತ ಗೊತ್ತಿತ್ತು ಅವಳಿಗೆ. ಅದಕ್ಕೇ ಮೊಟ್ಟೆ ಉಳಿಸಿದ್ದು. ಈ ಮನೇಲಿ ಹುಟ್ಟಿದೋಳು, ನೇಮ ಗೊತ್ತಿಲ್ವಾ?”

“ಮತ್ತೆ ಆ ನಿದ್ದೆ?”

“ಮೊದಲರ್ಧ ನಿಜ. ಒಂದು ಗಂಟೆ ಮೇಲೆ ನಾಟಕ. ಎಚ್ಚರ ಇದ್ದಾಗ ಅವಳ ಗೊರಕೆ ಜಾಸ್ತಿ, ಚಿಕ್ಕೋಳಿದ್ದಾಗಿಂದ. ನೀನು ಮೊಟ್ಟೆ ನುಂಗಿದಾಗ ಗೊರಕೆ ನಿಂತೋಯ್ತು, ನೋಡ್ಲಿಲ್ವಾ? ಹೋಗೋವರೆಗೂ ಅಳ್ತಿದ್ಲು.”

ಸಿಟ್ಟು ಬರಬೇಕಿತ್ತು. ಅದೂ ದಣಿದು ಬರುವ ದಾರಿಯಲ್ಲಿ ಎಲ್ಲೋ ಕೂತುಬಿಟ್ಟಿರಬೇಕು. ಗೈಕ್ ಹೂನ್ ತನ್ನ ಹೊದಿಕೆ ಮಡಿಚಿದಳು. ಅಭ್ಯಾಸದಿಂದ ಅಮ್ಮನ ಬಳಿ ಹೋಗಿ ಚಾದರ ಸಡಿಲಿಸಲು ಕೈ ಚಾಚಿದಳು.

“ಮುಟ್ಟಬೇಡ!” ಎಂದಳು ಅಮ್ಮ. “ನಾಳೆ ಸೂರ್ಯ ಹುಟ್ಟೋವರೆಗೆ ನಿನಗೆ ಕೆಲಸ ಇಲ್ಲ. ನೇಮ ಅಂದ್ರೆ ನೇಮ. ಸ್ವೀ ಲೆಂಗ್! ಎಲ್ಲಿ ಹಾಳಾಗ್ಹೋದ್ಲು ಇವಳು!”

ಸ್ವೀ ಲೆಂಗ್ ಅಂಗೈ ಉಜ್ಜಿಕೊಳ್ಳುತ್ತ ಒಳಗೆ ಬಂದಳು. ಗೈಕ್ ಹೂನ್ ಅವಳಿಗೆ ದಾರಿ ಬಿಟ್ಟು ಹೊರಗೆ ಹೋದಳು. ಹಲಗೆದಾರಿಯ ತುದಿಯಲ್ಲಿ ಕೂತು ಕಾಲು ಇಳಿಬಿಟ್ಟಳು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಹಲಗೆಯ ಮೇಲೆ ಇಟ್ಟು ನೋಡಿದಳು. ದೂರದಲ್ಲಿ ಹಡಗು ಕಟ್ಟೆ ಬಿಟ್ಟು ತಿರುಗುತ್ತಿತ್ತು. ಸಾವಿರ ಕಿಟಕಿಯಲ್ಲಿ ಯಾವುದರ ಹಿಂದೆ ಬೀ ಚೂ ದಿಂಬು ತಟ್ಟುತ್ತಿದ್ದಳೋ. ಭರತದ ನೀರು ಮೇಲೇರಿ ಬಂದು ಗೈಕ್ ಹೂನಳ ಹಿಮ್ಮಡಿ ಮುಟ್ಟಿತು. ಅವಳು ಕಾಲು ಎತ್ತಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮೈದೀನ್ ಹೊಸ ಕ್ಯಾಲೆಂಡರ್ ಹಾಳೆ ಹಿಡಿದು ಮನೆಮನೆ ಸುತ್ತಿದ. ಸೋಮವಾರ ಮಧ್ಯಾಹ್ನ ಸ್ವೀ ಲೆಂಗ್, ಬುಧವಾರ ಅವಳ ಸೊಸೆ, ಗುರುವಾರದಿಂದ ಆಚೆಗೂ ಯಾರು ಯಾರೋ. ಶೌಚಕ್ಕೆ ನಾಲ್ಕು ನಿಮಿಷ ಬೇರೆ ಬರೆದಿದ್ದಾನೆ. ಮುದುಕಿ ಒಬ್ಬಳ ಕೈ ಒರಟು ಅನ್ನುತ್ತಾಳೆ, ಇನ್ನೊಬ್ಬಳದು ಬೆಳ್ಳುಳ್ಳಿ ನಾತ ಅನ್ನುತ್ತಾಳೆ, ಆದರೂ ಹೊರಳುತ್ತಾಳೆ. ಮಂಗಳವಾರ ಒಂದು ಮಾತ್ರ ಖಾಲಿ ಉಳಿದಿದೆ. ನನಗೆ ಮಂಗಳವಾರ ಮಂಗಳವಾರ ಸರಿಯಾಗಿ ಸೊಂಟ ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ನಾನೇ ಹೋಗುತ್ತಿದ್ದೆ. ನೀವು ಇಷ್ಟು ಹೊತ್ತು ಕೂತು ಕೇಳಿದ್ದೀರಿ, ಮುದುಕಿಯ ಸ್ವಭಾವ ಚೆನ್ನಾಗಿ ತಿಳಿದಿದೆ. ನಿಮ್ಮ ಹೆಸರು ಬರೆಸಿಬಿಟ್ಟಿದ್ದೇನೆ. ಮೂರು ಗಂಟೆಗೆ ಬನ್ನಿ, ಉಗುರು ಕತ್ತರಿಸಿಕೊಂಡು ಬನ್ನಿ.